ದುಡಿಯುವ ಮೈಗೂ ಶುಗರ್ ಬರುತ್ತಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನಗೆ 43 ವರ್ಷ, ನಮ್ಮ ಯಜಮಾನರಿಗೆ 48. ಹಳ್ಳಿಯಲ್ಲಿದ್ದೇವೆ, ಜಮೀನಿನ ಕೆಲಸವೇ ಜೀವನ. ಹೋದ ತಿಂಗಳು ಆರೋಗ್ಯ ಶಿಬಿರ ನಡೆಯಿತು. ಇವರು ಹಣ್ಣು ಕಿತ್ತು ತುಂಬಿಸುತ್ತಿದ್ದವರು ಹಾಗೇ ಎದ್ದು ಹೋಗಿ ಬೆರಳು ಚುಚ್ಚಿಸಿಕೊಂಡು ಬಂದರು. ಶುಗರ್ 218 ಅಂತ ಚೀಟಿ ಬರೆದು ಕೊಟ್ಟಿದ್ದಾರೆ. ಎರಡು ದಿನ ಬಿಟ್ಟು ಪಕ್ಕದ ಮನೆಯವರ ಮೆಷಿನ್‌ನಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದಾಗ 131 ಬಂತು. ಶಿಬಿರಕ್ಕೆ ನಾಲ್ಕೈದು ದಿನ ಮುಂಚೆ ಮಂಡಿ ನೋವಿಗೆ ಒಬ್ಬರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಂಡಿದ್ದರು, ಏನು ಇಂಜೆಕ್ಷನ್ ಅಂತ ಗೊತ್ತಿಲ್ಲ. ಇವರು ಸಣ್ಣಗೇ ಇದ್ದಾರೆ, ಆದರೆ ಈಚೆಗೆ ಹೊಟ್ಟೆ ಬಂದಿದೆ. ಸಿಹಿ ಮುಟ್ಟುವುದಿಲ್ಲ. ಸಿಗರೇಟ್ ಸೇದುತ್ತಾರೆ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತಾರೆ, ಕೇಳಿದರೆ ಸೆಕೆಗೆ ನೀರು ಜಾಸ್ತಿ ಕುಡಿದಿದ್ದಕ್ಕೆ ಅಂತಾರೆ. ನಮ್ಮ ಮಾವನಿಗೆ ಶುಗರ್ ಇತ್ತು, ಕೊನೆಗೆ ಕಾಲಿನ ಎರಡು ಬೆರಳು ತೆಗೆದರು. ಅತ್ತೆ ಮಾತ್ರ "ಅದು ಅವರು ಕೆಲಸ ಬಿಟ್ಟು ಕೂತ ಮೇಲೆ ಬಂದಿದ್ದು. ಇದು ಕೂತು ತಿನ್ನೋರ ಕಾಯಿಲೆ, ಮೈ ಮುರಿದು ದುಡಿಯೋರಿಗೆ ಎಲ್ಲಿಂದ ಬರುತ್ತೆ" ಅಂತಾರೆ. ಪರಿಚಯದವರು ಒಂದು ಬೇರಿನ ಪುಡಿ ಕೊಟ್ಟಿದ್ದಾರೆ. ಮಾತ್ರೆ ಶುರು ಮಾಡಿದರೆ ಸಾಯೋವರೆಗೂ ಬಿಡೋ ಹಾಗಿಲ್ಲ, ಕಿಡ್ನಿ ಹೋಗುತ್ತೆ ಅಂತ ಇವರಿಗೆ ಭಯ. ನನಗೂ ಎರಡನೇ ಬಸುರಿಯಲ್ಲಿ ಶುಗರ್ ಬಂದು, ಹೆರಿಗೆ ಆದ ಮೇಲೆ ಹೋಗಿತ್ತು. ಇವರಿಗೆ ನಿಜವಾಗಿ ಶುಗರ್ ಇದೆಯಾ? ಏನು ಮಾಡಬೇಕು?

ಉತ್ತರ: ಮೊದಲಿಗೆ ಧನ್ಯವಾದ. ಹಣ್ಣಿನ ವಿಷಯ, ಇಂಜೆಕ್ಷನ್ ವಿಷಯ ಎರಡನ್ನೂ ಬರೆದಿದ್ದೀರಿ. ತುಂಬಾ ಜನ ಬರೀ ನಂಬರ್ ಹೇಳಿ "ಶುಗರ್ ಇದೆಯಾ ಇಲ್ವಾ" ಅಂತ ಕೇಳುತ್ತಾರೆ. ನೀವು ಕೊಟ್ಟ ವಿವರ ಇಲ್ಲದಿದ್ದರೆ ನಾನೂ ತಪ್ಪು ದಾರಿ ಹಿಡಿಯುವ ಸಾಧ್ಯತೆ ಇತ್ತು.

ನಿಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಈ ಎರಡು ನಂಬರ್ ನೋಡಿ ಹೇಳಲಾಗದು. ಇಲ್ಲ ಅಂತಲೂ ಹೇಳಲಾಗದು. ಆದರೆ ಇರುವ ಸಾಧ್ಯತೆ ಸಾಕಷ್ಟಿದೆ. ಚೀಟಿಯನ್ನು ಮಡಚಿ ಇಟ್ಟು ಮರೆಯುವ ಹಾಗಿಲ್ಲ.

ಮೊದಲು 218ರ ಕಥೆ ನೋಡೋಣ. ಹಣ್ಣು ಹಿಡಿದ ಕೈಯಲ್ಲಿ ಅದರ ರಸ ಅಂಟಿರುತ್ತದೆ. ಒಡೆದ ಹಣ್ಣು ಒಂದೆರಡಿದ್ದರೂ ಸಾಕು. ಗ್ಲುಕೋಮೀಟರ್, ಅಂದರೆ ಬೆರಳು ಚುಚ್ಚಿ ಶುಗರ್ ನೋಡುವ ಮೆಷಿನ್, ಪರೀಕ್ಷೆ ಮಾಡುವುದು ಒಂದು ಸಣ್ಣ ಹನಿ ರಕ್ತವನ್ನು. ಬೆರಳ ತುದಿಯಲ್ಲಿರುವ ಸಕ್ಕರೆ ಆ ಹನಿಗೆ ಸೇರಿದರೆ ನಂಬರ್ ಸುಮ್ನೆ ಏರಿಬಿಡುತ್ತದೆ. ಹಣ್ಣು ಸುಲಿದು ಕೈ ತೊಳೆಯದೆ ಚುಚ್ಚಿದರೆ ಆರೋಗ್ಯವಂತರಿಗೂ ಭಾರಿ ಜಾಸ್ತಿ ತೋರಿಸುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಸ್ಪಿರಿಟ್ ಹತ್ತಿಯಲ್ಲಿ ಒಂದು ಸಲ ಒರೆಸಿದರೂ ಪೂರ್ತಿ ಹೋಗುವುದಿಲ್ಲ. ಸೋಪು ಹಾಕಿ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಆಮೇಲೆ ಚುಚ್ಚಬೇಕು. ಶಿಬಿರದಲ್ಲಿ ಸಾಲು ಉದ್ದ ಇರುತ್ತದೆ, ಕೈ ತೊಳೆದು ಬನ್ನಿ ಅಂತ ಯಾರೂ ಹೇಳುವುದಿಲ್ಲ.

ಇನ್ನು ಆ ಇಂಜೆಕ್ಷನ್. ಮಂಡಿ ನೋವು ಒಂದೇ ದಿನದಲ್ಲಿ ಮಾಯವಾಯಿತು ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಅನುಮಾನ ಸ್ಟಿರಾಯ್ಡ್. ಸರಿಯಾದ ಕಾಯಿಲೆಗೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಜೀವ ಉಳಿಸುವ ಔಷಧಿ. ಆದರೆ ಲಿವರ್‌ನಿಂದ ಹೆಚ್ಚು ಸಕ್ಕರೆ ಹೊರಬರುವಂತೆ ಮಾಡುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಮಂಡಿಗೆ ಹಾಕಿದ ಒಂದು ಇಂಜೆಕ್ಷನ್ನಿನ ಪರಿಣಾಮ ಕೆಲವು ದಿನ, ಒಮ್ಮೊಮ್ಮೆ ಒಂದು ವಾರದವರೆಗೂ ಇರುತ್ತದೆ. ಹಳ್ಳಿಗಳಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ "ಕೀಲು ನೋವಿನ ಮಾತ್ರೆ" ಕೊಡುವವರೂ ಇದ್ದಾರೆ. ತಿಂಗಳುಗಟ್ಟಲೆ ಅದನ್ನು ನುಂಗಿ ಮುಖ ಊದಿಸಿಕೊಂಡು, ಶುಗರ್ ಏರಿಸಿಕೊಂಡು ಬಂದವರನ್ನು ನನ್ನ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಂಥ ಮಾತ್ರೆಯನ್ನು ನಿಮ್ಮ ಯಜಮಾನರು ತುಂಬಾ ದಿನದಿಂದ ತಗೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ. ಅವರು ನಿಧಾನವಾಗಿ ಇಳಿಸುತ್ತಾರೆ.

ಹಾಗಾದರೆ 131? ಇದನ್ನು ನಾನು 218ಕ್ಕಿಂತ ಹೆಚ್ಚು ಗಂಭೀರವಾಗಿ ತಗೊಳ್ಳುತ್ತೇನೆ. ರಾತ್ರಿಯೆಲ್ಲ ಏನೂ ತಿನ್ನದೆ ಬೆಳಗ್ಗೆ ನೋಡಿದಾಗ ಸಾಮಾನ್ಯರಿಗೆ 100ರ ಒಳಗೆ ಇರುತ್ತದೆ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ನಡುವಿನದ್ದು ಅಂಚಿನ ಸ್ಥಿತಿ, ಪ್ರಿಡಯಾಬಿಟಿಸ್ ಅನ್ನುತ್ತಾರೆ. ಆದರೆ ಈ ಗಡಿಗಳೆಲ್ಲ ಲ್ಯಾಬಿನಲ್ಲಿ ರಕ್ತನಾಳದಿಂದ ತೆಗೆದ ರಕ್ತಕ್ಕೆ ಇಟ್ಟವು. ಮನೆಯ ಮೆಷಿನ್‌ಗೆ ಈಗಿನ ಅಂತರರಾಷ್ಟ್ರೀಯ ಗುಣಮಟ್ಟವೇ 100ರ ಮೇಲಿನ ನಂಬರ್‌ಗಳಲ್ಲಿ ಶೇಕಡಾ 15ರಷ್ಟು ಆಚೀಚೆ ಹೋಗಲು ಬಿಡುತ್ತದೆ. ಅಂದರೆ ನಿಮಗೆ 131 ತೋರಿಸಿದಾಗ ನಿಜವಾದದ್ದು 115 ಇರಬಹುದು, 150 ಕೂಡ ಇರಬಹುದು. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಸೆಕೆಯಲ್ಲಿ ಇಟ್ಟ ಸ್ಟ್ರಿಪ್ ಆದರೆ ಆ ನಂಬರ್ ಮೇಲೂ ಭರವಸೆ ಇಲ್ಲ. ಈಗಾಗಲೇ ಕಾಯಿಲೆ ಇರುವವರು ದಿನದಿನದ ಏರಿಳಿತ ನೋಡಿಕೊಳ್ಳಲು ಆ ಮೆಷಿನ್ ಒಳ್ಳೆಯದು. ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಲು ಲ್ಯಾಬ್ ಬೇಕು.

ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜ

ನಿಮ್ಮ ಅತ್ತೆಯ ಮಾತನ್ನು ತಳ್ಳಿಹಾಕುವುದು ಬೇಡ. ಅವರು ಕಂಡ ಕಾಲಕ್ಕೆ ಅದು ಹೆಚ್ಚುಕಡಿಮೆ ಸರಿಯಾಗಿತ್ತು.

ನಾವು ತಿಂದ ಅನ್ನ, ರೊಟ್ಟಿ, ಬ್ರೆಡ್ ಎಲ್ಲವೂ ಹೊಟ್ಟೆಯಲ್ಲಿ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದು ಸ್ನಾಯುವಿನ ಒಳಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು. ಕೂತಿರುವಾಗ ಆ ಬಾಗಿಲಿನ ಕೀಲಿಕೈ ಇನ್ಸುಲಿನ್ ಒಂದೇ. ದುಡಿಯುವಾಗ ಮಾತ್ರ ಸ್ನಾಯು ಇನ್ಸುಲಿನ್‌ಗೆ ಕಾಯದೆ ತಾನೇ ಬಾಗಿಲು ತೆಗೆದುಕೊಳ್ಳುತ್ತದೆ. ಅಗೆಯುವುದು, ಹೊರುವುದು, ಬಗ್ಗಿ ಏಳುವುದು ಎಲ್ಲವೂ ಹೀಗೆ ಸಕ್ಕರೆ ಇಳಿಸುತ್ತವೆ. ಕೆಲಸ ನಿಲ್ಲಿಸಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ.

ಒಂದೆರಡು ದಿನ ಅಷ್ಟೇ. ತೊಂದರೆ ಇರುವುದು ಅಲ್ಲೇ. ದುಡಿಮೆಯ ಲಾಭವನ್ನು ಮೈ ಕೂಡಿಟ್ಟುಕೊಳ್ಳುವುದಿಲ್ಲ. ಇಪ್ಪತ್ತು ವರ್ಷ ಗೇಯ್ದವನಿಗೂ ಈ ವಾರ ಕೆಲಸ ಇಲ್ಲದಿದ್ದರೆ ಈ ವಾರ ರಕ್ಷಣೆ ಇಲ್ಲ. ನಿಮ್ಮ ಮಾವನಿಗೆ ಕೆಲಸ ಬಿಟ್ಟ ಮೇಲೆ ಶುಗರ್ ಬಂತು ಅಂದರಲ್ಲ, ಅದರಲ್ಲೇ ಅತ್ತೆಯ ಪ್ರಶ್ನೆಗೆ ಉತ್ತರವೂ ಇದೆ. ಮನೆತನದಲ್ಲಿ ಮೊದಲಿಂದಲೇ ಇದ್ದ ಒಲವನ್ನು ದುಡಿಮೆ ಅದುಮಿಟ್ಟಿತ್ತು. ದುಡಿಮೆ ನಿಂತಿತು, ಕಾಯಿಲೆ ಮೇಲೆ ಬಂತು.

ಈಗ ನಿಮ್ಮ ಯಜಮಾನರ ವರ್ಷವನ್ನು ತಿಂಗಳು ತಿಂಗಳಾಗಿ ಲೆಕ್ಕ ಹಾಕಿ ನೋಡಿ. ಬಿತ್ತನೆ, ಕೊಯ್ಲು ಇರುವಾಗ ಉಸಿರು ಬಿಡಲು ಪುರುಸೊತ್ತಿಲ್ಲ, ನಿಜ. ಉಳಿದ ತಿಂಗಳು? ಉಳುವುದು ಯಂತ್ರ, ನೀರು ಎತ್ತುವುದು ಪಂಪ್, ಜಮೀನಿಗೆ ಹೋಗುವುದು ಬೈಕ್. ಆದರೆ ತಟ್ಟೆಯಲ್ಲಿ ಊಟ ಮಾತ್ರ ಕೊಯ್ಲಿನ ದಿನದಷ್ಟೇ. "ನಾನು ರೈತ, ನನಗೆ ವ್ಯಾಯಾಮ ಯಾಕೆ" ಅನ್ನುವವರನ್ನು ನಾನು ನಿನ್ನೆ ಏನು ಕೆಲಸ ಮಾಡಿದಿರಿ ಅಂತ ಕೇಳುತ್ತೇನೆ. ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ.

ಇದು ನಿಮ್ಮ ಊರಿನ ಕಥೆ ಮಾತ್ರ ಅಲ್ಲ. 1985ರಿಂದ 2017ರವರೆಗೆ ಜಗತ್ತಿನಲ್ಲಿ ಎತ್ತರಕ್ಕೆ ಹೋಲಿಸಿದರೆ ಜನರ ತೂಕ ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಳ್ಳಿಗಳದ್ದು. ಕೋಟ್ಯಂತರ ಜನರ ಅಳತೆಗಳನ್ನು ಒಟ್ಟು ಸೇರಿಸಿ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿದ್ದು ಇದು. ಪಟ್ಟಣದ ಕಾಯಿಲೆ ಅನ್ನುವ ಮಾತು ಹಳೆಯದಾಯಿತು. ಪಟ್ಟಣದಲ್ಲಿ ಪರೀಕ್ಷೆ ಬೇಗ ಆಗುತ್ತದೆ, ಹಳ್ಳಿಯಲ್ಲಿ ಕಾಲಿನ ಹುಣ್ಣು ಮಾಯದೆ ಹೋದಾಗ ಗೊತ್ತಾಗುತ್ತದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2024ರ ಅಂದಾಜಿನಲ್ಲಿ ಜಗತ್ತಿನಲ್ಲಿ ಸಕ್ಕರೆ ಕಾಯಿಲೆ ಇರುವ ವಯಸ್ಕರು 58.9 ಕೋಟಿ. ಅವರಲ್ಲಿ ಹತ್ತಿರಹತ್ತಿರ 25 ಕೋಟಿ ಜನರಿಗೆ ತಮಗೆ ಅದು ಇರುವುದೇ ಗೊತ್ತಿಲ್ಲ.

ಸಣ್ಣ ಮೈ, ಮುಂದೆ ಬಂದ ಹೊಟ್ಟೆ

"ಸಣ್ಣಗಿದ್ದಾರೆ, ಸಿಹಿ ಮುಟ್ಟುವುದಿಲ್ಲ" ಅಂದಿರಿ. ಸಿಹಿ ತಿಂದರಷ್ಟೇ ಸಕ್ಕರೆ ಕಾಯಿಲೆ ಅನ್ನುವುದು ತಪ್ಪು ಕಲ್ಪನೆ. ತವಡು ತೆಗೆದ ಬಿಳಿ ಧಾನ್ಯ ಹೊಟ್ಟೆಗೆ ಹೋದ ಮೇಲೆ ರಕ್ತಕ್ಕೆ ಸೇರುವುದು ಗ್ಲುಕೋಸ್ ಆಗಿಯೇ. ತೂಕಕ್ಕಿಂತ ನಾನು ನೋಡುವುದು ಸೊಂಟದ ಅಳತೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದಿದ್ದರೆ ಕೊಬ್ಬು ಕರುಳು, ಲಿವರ್ ಸುತ್ತ ಕೂತಿದೆ ಅಂತ ಅರ್ಥ. ಇನ್ಸುಲಿನ್‌ಗೆ ಹೆಚ್ಚು ಅಡ್ಡಿ ಮಾಡುವುದು ಅದೇ. ಲಿವರ್ ಆ ಕೊಬ್ಬಿನಿಂದ ಕೆಟ್ಟರೆ ರಾತ್ರಿಯೆಲ್ಲ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಏನೂ ತಿನ್ನದಿದ್ದರೂ ಬೆಳಗ್ಗೆ 131 ಬರುವುದು ಹೀಗೆ. ಏಷ್ಯಾದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಟೇಪನ್ನು ಹೊಕ್ಕುಳ ಮಟ್ಟಕ್ಕೆ ಸುತ್ತಿ, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ. ಪ್ಯಾಂಟಿನ ಸೈಜ್ ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ!

ಬಡತನದಲ್ಲಿ ಹುಟ್ಟಿ ಬೆಳೆದವರ ವಿಷಯದಲ್ಲಿ ಇನ್ನೊಂದು ಮಾತಿದೆ. 1944-45ರ ಚಳಿಗಾಲದಲ್ಲಿ, ಯುದ್ಧದ ನಡುವೆ ನೆದರ್‌ಲ್ಯಾಂಡ್ಸ್‌ನಲ್ಲಿ ಭೀಕರ ಹಸಿವು ಬಂತು. ಆಗ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳನ್ನು ಐವತ್ತು ವರ್ಷದ ಆಸುಪಾಸಿನಲ್ಲಿ ಪರೀಕ್ಷಿಸಿದಾಗ, ಅವರ ದೇಹ ಸಕ್ಕರೆಯನ್ನು ಸಂಭಾಳಿಸುವುದರಲ್ಲಿ ಬೇರೆಯವರಿಗಿಂತ ಹಿಂದೆ ಇತ್ತು. ಗರ್ಭದಲ್ಲಿ ಸಿಗದ ಪೋಷಣೆ, ಆಮೇಲೆ ಸಿಕ್ಕ ಸಮೃದ್ಧಿ, ಎರಡೂ ಸೇರಿದರೆ ಕಷ್ಟ. ಕಷ್ಟದ ವರ್ಷಗಳಲ್ಲಿ ಹುಟ್ಟಿ ಈಗ ಹೊಟ್ಟೆ ತುಂಬ ಉಣ್ಣುತ್ತಿರುವ ತಲೆಮಾರು ಹಳ್ಳಿಗಳಲ್ಲಿ ದೊಡ್ಡದಿದೆ.

ಸಿಗರೇಟ್ ಬಗ್ಗೆ ಶ್ವಾಸಕೋಶದ ಮಾತನ್ನು ಎಲ್ಲರೂ ಹೇಳುತ್ತಾರೆ. ಸೇದುವವರಿಗೆ ಸಕ್ಕರೆ ಕಾಯಿಲೆ ಬರುವ ಅಪಾಯವೂ ಶೇಕಡಾ 30ರಿಂದ 40ರಷ್ಟು ಜಾಸ್ತಿ. ಕೀಟನಾಶಕದ ಬಗ್ಗೆ ಈಚೆಗೆ ತುಂಬಾ ಜನ ಕೇಳುತ್ತಾರೆ. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾದಲ್ಲಿ ಔಷಧಿ ಹೊಡೆಯುವವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಕೆಲವು ಕೀಟನಾಶಕಗಳನ್ನು ಹೆಚ್ಚು ಬಳಸಿದವರಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚು ಕಂಡಿತ್ತು. ಅದರಿಂದಲೇ ಬಂತು ಅಂತ ಸಾಬೀತಾಗಿಲ್ಲ. ಆದರೂ ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಹಾಕಿಕೊಂಡೇ ಹೊಡೆಯಲು ಇದು ಇನ್ನೊಂದು ಕಾರಣ.

ಈಗ ಏನು ಮಾಡುವುದು

ಇಂಜೆಕ್ಷನ್ ಹಾಕಿಸಿ ತಿಂಗಳು ಕಳೆದಿದೆ, ಆಮೇಲೆ ಮತ್ತೆ ಹಾಕಿಸಿಲ್ಲ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಈಗ ಪರೀಕ್ಷೆಗೆ ಒಳ್ಳೆಯ ಸಮಯ. ಎಂಟು ಗಂಟೆಗಿಂತ ಹೆಚ್ಚು ಹೊತ್ತು ನೀರು ಬಿಟ್ಟು ಏನೂ ತಗೊಳ್ಳದೆ ಹೋಗಿ ಲ್ಯಾಬಿನಲ್ಲಿ ರಕ್ತ ಕೊಡಲಿ. ಜೊತೆಗೆ ಎಚ್‌ಬಿಎ1ಸಿ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಅದು ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ವಂಚಿಸಲು ಆಗುವುದಿಲ್ಲ. 6.5 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಅಂಚಿನ ಸ್ಥಿತಿ. ಎರಡೂ ಪರೀಕ್ಷೆ ಒಂದೇ ಮಾತು ಹೇಳಿದರೆ ತೀರ್ಮಾನ ಆಯಿತು. ಒಂದು ಹೌದು, ಒಂದು ಇಲ್ಲ ಅಂದರೆ, ಹೌದು ಅಂದಿದ್ದನ್ನು ಇನ್ನೊಮ್ಮೆ ಮಾಡಿಸಬೇಕು. ರಾತ್ರಿ ಎರಡು ಸಲ ಏಳುವುದನ್ನು ಡಾಕ್ಟರಿಗೆ ಹೇಳಿ. ರಕ್ತದ ಸಕ್ಕರೆ ಸುಮಾರು 180 ದಾಟಿದಾಗ ಅದು ಮೂತ್ರದಲ್ಲಿ ಹೋಗತೊಡಗುತ್ತದೆ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬರೀ ಸೆಕೆಯಿಂದ ಬಾಯಾರಿ ಕುಡಿದ ನೀರು ಹೆಚ್ಚಾಗಿ ಬೆವರಿನಲ್ಲಿ ಹೋಗಿಬಿಡುತ್ತದೆ.

ಅಂಚಿನ ಸ್ಥಿತಿ ಅಂತ ಬಂದರೆ ಅದೃಷ್ಟ ಅಂದುಕೊಳ್ಳಿ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ತೂಕವನ್ನು ಶೇಕಡಾ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆಗೆ ತಿರುಗುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಶೇಕಡಾ 31. ಅಂದರೆ ಈ ಹಂತದಲ್ಲಿ ಮಾತ್ರೆಗಿಂತ ಕಾಲೇ ಮೇಲು. ಕೆಲಸ ಇಲ್ಲದ ತಿಂಗಳಲ್ಲಿ ಜಮೀನಿಗೆ ಬೈಕ್ ಬಿಟ್ಟು ನಡೆದು ಹೋಗಲಿ. ರಾತ್ರಿ ಊಟ ಆದ ತಕ್ಷಣ ಮಲಗದೆ ಹತ್ತು ಹದಿನೈದು ನಿಮಿಷ ನಡೆಯಲಿ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಕಾಳು ಅಥವಾ ಬೇರೆ ಪ್ರೋಟೀನ್, ಉಳಿದ ಕಾಲು ಮಾತ್ರ ಅನ್ನವೋ ರೊಟ್ಟಿಯೋ. ಕೊಯ್ಲಿನ ದಿನ ಇನ್ನೊಂದು ತುತ್ತು ಜಾಸ್ತಿ ಇರಲಿ, ಯಾರೂ ಬೇಡ ಅನ್ನುವುದಿಲ್ಲ. ಕೂತ ದಿನ ಮಾತ್ರ ತಟ್ಟೆಯೂ ಸಣ್ಣದಾಗಬೇಕು.

ಕಾಯಿಲೆಯೇ ಅಂತ ಆದರೆ ಮಾತ್ರೆಯ ಮಾತು ಬರುತ್ತದೆ. ನಿಮ್ಮ ಯಜಮಾನರ ಕಿಡ್ನಿ ಭಯ ನಾನು ದಿನಾ ಕೇಳುವಂಥದ್ದು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಏರಿಯೇ ಇರುವ ಶುಗರ್, ಅದರ ಜೊತೆಗೆ ಏರಿದ ಬಿಪಿ. ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ಮೊದಲೇ ಹೆಚ್ಚು ಕೆಟ್ಟಿದ್ದರೆ ಅದನ್ನು ನಿಲ್ಲಿಸುತ್ತೇವೆ, ಯಾಕಂದರೆ ಮೈಯಿಂದ ಹೊರಹೋಗದೆ ಉಳಿಯುತ್ತದೆ. ಜನ ಇದನ್ನೇ ತಿರುಗಿಸಿ ಓದಿದ್ದಾರೆ. ಅದಕ್ಕೂ ತೊಂದರೆಗಳಿವೆ: ಶುರುವಿನಲ್ಲಿ ಹೊಟ್ಟೆ ಕೆಡುತ್ತದೆ, ಭೇದಿ ಆಗಬಹುದು. ಊಟದ ಜೊತೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರೆ ಸುಮಾರು ಜನರಿಗೆ ಒಗ್ಗಿಹೋಗುತ್ತದೆ. ತುಂಬಾ ವರ್ಷ ತಗೊಂಡರೆ ಬಿ12 ಕಡಿಮೆಯಾಗಬಹುದು, ಆಗಾಗ ನೋಡಿಸಬೇಕು.

ಹೊಲದಲ್ಲಿ ದುಡಿಯುವವರಿಗೆ ನನಗೆ ಹೆಚ್ಚು ಹೆದರಿಕೆ ಇರುವುದು ಇನ್ನೊಂದು ಗುಂಪಿನ ಮಾತ್ರೆಗಳ ಬಗ್ಗೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಅಂಥವು. ಅವು ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತವೆ, ಎಲ್ಲ ಕಡೆ ಸಿಗುತ್ತವೆ. ಆದರೆ ತಿಂದಿದ್ದೀರೋ ಇಲ್ಲವೋ ಕೇಳದೆ ಇನ್ಸುಲಿನ್ ಹೊರಡಿಸುತ್ತವೆ. ಬೆಳಗ್ಗೆ ಮಾತ್ರೆ ನುಂಗಿ, ತಿಂಡಿ ಆಮೇಲೆ ತಿಂದರಾಯಿತು ಅಂತ ಬಿಸಿಲಿಗಿಳಿದರೆ ಶುಗರ್ ಕುಸಿಯುತ್ತದೆ. ಕೈ ನಡುಕ, ತಣ್ಣನೆ ಬೆವರು, ಮಾತು ತೊದಲು. ನೋಡಿದವರು ಕುಡಿದಿದ್ದಾನೆ ಅಂದುಕೊಂಡು ಬದುವಿನ ಮೇಲೆ ಮಲಗಿಸಿ ಹೋಗಿದ್ದೂ ಇದೆ. ಇಂಥ ಮಾತ್ರೆ ಬರೆದುಕೊಟ್ಟರೆ "ನನ್ನ ಕೆಲಸ ಇಂಥದ್ದು, ಊಟದ ಹೊತ್ತು ಹೀಗೆ" ಅಂತ ಡಾಕ್ಟರಿಗೆ ಬಿಡಿಸಿ ಹೇಳಬೇಕು. ಜೇಬಿನಲ್ಲಿ ಮೂರು ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲಿ. ನಡುಕ ಬಂದರೆ ತಿಂದು ಹದಿನೈದು ನಿಮಿಷ ಕೂರಬೇಕು, ಸರಿಹೋಗದಿದ್ದರೆ ಮತ್ತೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ಸಾಯೋವರೆಗೂ ಬಿಡೋ ಹಾಗಿಲ್ಲವಾ? ಕೆಲವರು ಬಿಟ್ಟಿದ್ದಾರೆ. ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಕಾಯಿಲೆ ಬಂದು ಆರು ವರ್ಷದೊಳಗಿನ ದಪ್ಪ ಜನರಿಗೆ ಕಟ್ಟುನಿಟ್ಟಾಗಿ ತೂಕ ಇಳಿಸಿದರು. ಒಂದು ವರ್ಷದ ಕೊನೆಗೆ ಅವರಲ್ಲಿ ಶೇಕಡಾ 46 ಮಂದಿಗೆ ಮಾತ್ರೆ ಇಲ್ಲದೆಯೇ ಶುಗರ್ ಹತೋಟಿಗೆ ಬಂತು. ಎರಡನೇ ವರ್ಷಕ್ಕೆ ಅದು 36ಕ್ಕೆ ಇಳಿಯಿತು, ತೂಕ ಮತ್ತೆ ಏರಿದವರಿಗೆ ಶುಗರೂ ವಾಪಸ್ ಬಂತು. ನಿಮ್ಮ ಯಜಮಾನರು ಸಣ್ಣಗಿರುವವರು, ಅವರಿಗೆ ಅಷ್ಟು ತೂಕ ಇಳಿಸುವ ಮಾತಿಲ್ಲ, ಹೊಟ್ಟೆ ಕರಗಿದರೆ ಸಾಕು. ಬೇಗ ಶುರು ಮಾಡಿದವರಿಗೆ ದಾರಿ ಸುಲಭ. ತಾವೇ ತೀರ್ಮಾನ ಮಾಡಿ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ.

ಬೇರಿನ ಪುಡಿಗೆ ಬರೋಣ. ಗಿಡಮೂಲಿಕೆ ಅಂದರೆ ನನಗೆ ತಾತ್ಸಾರ ಇಲ್ಲ. ಮೆಟ್‌ಫಾರ್ಮಿನ್‌ನ ಮೂಲವೇ ಯುರೋಪಿನ ಗಲೀಗಾ ಅನ್ನುವ ಗಿಡ. ಅದರಲ್ಲಿದ್ದ ಅಂಶ ವಿಷಕಾರಿಯಾಗಿತ್ತು. ಅದನ್ನು ತಿದ್ದಿ, ಪ್ರಮಾಣ ಗೊತ್ತು ಮಾಡಿ, 1957ರಲ್ಲಿ ಫ್ರಾನ್ಸ್‌ನ ಜಾನ್ ಸ್ಟರ್ನ್ ಮನುಷ್ಯರಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ನಿಮಗೆ ಕೊಟ್ಟ ಪುಡಿಯಲ್ಲಿ ಏನಿದೆ, ಎಷ್ಟಿದೆ ಅನ್ನುವುದು ಕೊಟ್ಟವರಿಗೇ ಗೊತ್ತಿರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ "ಶುದ್ಧ ಗಿಡಮೂಲಿಕೆ" ಅಂತ ಮಾರಿದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಪುಡಿ ತಿಂದ ಎರಡೇ ದಿನಕ್ಕೆ ಶುಗರ್ ಸರ್ರನೆ ಇಳಿದರೆ ಸಂತೋಷಪಡಬೇಡಿ, ಅನುಮಾನಪಡಿ. ಪರೀಕ್ಷೆ ಆಗುವವರೆಗೆ ಮುಟ್ಟದಿರುವುದು ಒಳ್ಳೆಯದು, ಇಲ್ಲದಿದ್ದರೆ ನಂಬರ್‌ಗಳೂ ಗೊಂದಲವಾಗುತ್ತವೆ.

ನೋಡೋಣ ಅಂತ ಕಾಯುವುದು ಕೂಡ ಒಂದು ಆಯ್ಕೆಯೇ, ಹೆಚ್ಚಿನ ಮನೆಗಳಲ್ಲಿ ಆಗುವುದು ಅದೇ. ನೋವಿಲ್ಲ, ಜ್ವರ ಇಲ್ಲ, ಕೆಲಸ ನಡೆಯುತ್ತಿದೆ. ಅಷ್ಟರಲ್ಲಿ ಅಂಗಾಲಿನ ಸ್ಪರ್ಶ ಸದ್ದಿಲ್ಲದೆ ಹೋಗುತ್ತಿರುತ್ತದೆ. ನಿಮ್ಮ ಮಾವನ ಬೆರಳು ತೆಗೆದದ್ದು ಬಹುಶಃ ಹೀಗೇ ಶುರುವಾಗಿರುತ್ತದೆ: ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲ, ಗೊತ್ತಾಗುವಷ್ಟರಲ್ಲಿ ಕೀವು. ಹಾಗಾಗಿ ಲ್ಯಾಬ್ ಚೀಟಿ ಏನೇ ಹೇಳಲಿ, ಬರಿಗಾಲಲ್ಲಿ ಹೊಲಕ್ಕಿಳಿಯುವುದು ನಿಲ್ಲಲಿ. ಚಪ್ಪಲಿ ಬೂಟು ಹಾಕುವ ಮುಂಚೆ ಒಳಗೆ ಕೈಯಾಡಿಸಿ ಕಲ್ಲು ಇದೆಯಾ ನೋಡಲಿ. ರಾತ್ರಿ ಕಾಲು ತೊಳೆದಾಗ ಬೆರಳ ಸಂದು ಒರೆಸಿ, ಅಂಗಾಲನ್ನು ನೀವು ನೋಡಿ, ಅವರಿಗೆ ಬಗ್ಗಿ ನೋಡಲು ಮಂಡಿ ಬಿಡುವುದಿಲ್ಲ. ಕಾಯಿಲೆ ಖಚಿತವಾದರೆ ಕಣ್ಣಿನ ಹಿಂಭಾಗದ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್, ಬಿಪಿ ಇವೆಲ್ಲ ಮೊದಲ ಸಲವೇ ಆಗಬೇಕು. ಈ ಕಾಯಿಲೆ ಪತ್ತೆಯಾಗುವ ವರ್ಷಗಳ ಮುಂಚೆಯೇ ಬಂದು ಕೂತಿರುತ್ತದೆ. ನಡುವೆ ಎಂದಾದರೂ ಶುಗರ್ 300 ದಾಟಿ, ವಾಂತಿ, ಜೋರು ಉಸಿರಾಟ, ಮಂಪರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ನೀವು ಕೇಳದೇ ಇದ್ದ ಪ್ರಶ್ನೆ. ಬಸುರಿಯಲ್ಲಿ ಬಂದ ಶುಗರ್ ಹೆರಿಗೆ ಆದ ಮೇಲೆ ಹೋಯಿತು ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹಾಗೆ ಬಂದು ಹೋದ ಹೆಂಗಸರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಬೇರೆಯವರಿಗಿಂತ ಸುಮಾರು ಏಳು ಪಟ್ಟು. ಹೆರಿಗೆಯಾಗಿ ಆರರಿಂದ ಹನ್ನೆರಡು ವಾರದೊಳಗೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಜೀವನಪೂರ್ತಿ ಪರೀಕ್ಷೆ ಆಗಬೇಕಿತ್ತು. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಯಜಮಾನರಷ್ಟೇ ಚಿಂತೆ ನಿಮ್ಮದೂ. ನಿಮಗೆ ರಕ್ತಹೀನತೆ ಇದ್ದರೆ ಮೊದಲೇ ಹೇಳಿ, ಕಬ್ಬಿಣಾಂಶ ಕಡಿಮೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಆಗ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆಯೇ ವಾಸಿ. ಅದರಲ್ಲಿ 140ರ ಒಳಗೆ ಬಂದರೆ ಸರಿ, 200 ಅಥವಾ ಮೇಲೆ ಬಂದರೆ ಕಾಯಿಲೆ.

ಇಬ್ಬರೂ ಒಂದೇ ಬೆಳಗ್ಗೆ ತಿಂಡಿ ತಿನ್ನದೆ ಹೋಗಿ. ಶಿಬಿರದ ಚೀಟಿ, ಬೇರಿನ ಪುಡಿ, ನೋವಿನ ಮಾತ್ರೆ ಏನಾದರೂ ಇದ್ದರೆ ಅದು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಆ ಇಂಜೆಕ್ಷನ್ ಕೊಟ್ಟವರ ಹತ್ತಿರ ಅದರ ಹೆಸರು ಬರೆಸಿಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಉಳಿಯುತ್ತದೆ.